ಟೈಲರ್ ಬಿಚ್ಚಿದ ಹೊಲಿಗೆ

ನಮ್ಮ ಬೀದಿಯಲ್ಲಿ ಯಾರಾದರೂ ದಪ್ಪಗಾದರೆ ಜನ ಒಂದು ದಿನ ಮಾತಾಡಿ ಸುಮ್ಮನಾಗುತ್ತಾರೆ. ಸಣ್ಣಗಾದರೆ ಮಾತ್ರ ಯಾರಿಗೂ ತಡೆಯಲಾಗುವುದಿಲ್ಲ. ನಾನು ಆಸ್ಪತ್ರೆಯ ನರ್ಸ್, ದಿನವಿಡೀ ಜನರ ತೂಕ ನೋಡುವವಳು. ನಮ್ಮ ಮಹಡಿ ಮನೆಯ ಟೈಲರ್ ಹೆಂಡತಿ ಆಪರೇಷನ್ ಮಾಡಿಸಿಕೊಂಡು ಸಣ್ಣಗಾದಾಗ ನನಗೇ ಹೊಟ್ಟೆ ಉರಿಯಿತು. ಇನ್ನು ಬೇರೆಯವರ ಪಾಡು ಕೇಳಬೇಡಿ.

ಆಕೆಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಕೆಲಸ. ತೂಕ ಹೊತ್ತು ಮೊಣಕಾಲು ಸೋತಿತ್ತು. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಹೊಟ್ಟೆ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಸರ್ಜರಿ ಆದ ಮೇಲೆ ತೂಕ ಇಳಿಯಿತು, ಇನ್ಸುಲಿನ್ ನಿಂತಿತು. ಡಾಕ್ಟರ್ ಹೇಳಿದಂತೆ ಸಂಜೆ ಕೆಲಸ ಮುಗಿಸಿ ಪಾರ್ಕಿನಲ್ಲಿ ನಡೆಯತೊಡಗಿದರು. ಅಲ್ಲಿ ನಾಲ್ಕಾರು ಜನರ ಗುಂಪು. ಅವರಲ್ಲೊಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು, ಬಾಯಿ ಬಿಟ್ಟರೆ ಎಲ್ಲರನ್ನೂ ನಗಿಸುವವರು.

ಟೈಲರ್‌ಗೆ ಮೊದಮೊದಲು ಹೆಮ್ಮೆಯೋ ಹೆಮ್ಮೆ. ಹೆಂಡತಿಯ ಬಟ್ಟೆಗಳನ್ನೆಲ್ಲ ತಾವೇ ಒಳಕ್ಕೆ ಹಿಡಿದು ಹೊಲಿದುಕೊಟ್ಟರು. ಆಮೇಲೊಂದು ದಿನ ಗಿರಾಕಿಯೊಬ್ಬ, "ಟೈಲರೇ, ಬಾಗಿಲಲ್ಲಿ ನಿಂತಿರೋದು ನಿಮ್ಮ ಮಗಳಾ?" ಅಂದುಬಿಟ್ಟ. ಅಂದಿನಿಂದ ಇವರಿಗೆ ಅನ್ನ ರುಚಿಸಲಿಲ್ಲ.

"ದಿನಾ ಸಂಜೆ ಯಾರಿಗೆ ತೋರಿಸೋಕೆ ಈ ನಡಿಗೆ?" ಎಂದು ಹೆಂಡತಿಯನ್ನು ಕೇಳಿದರು.

"ತೋರಿಸೋಕಲ್ಲ ರೀ, ಇಳಿದ ತೂಕ ವಾಪಸ್ ಬರಬಾರದು ಅಂತ."

"ಹೊಟ್ಟೆನೇ ಕತ್ತರಿಸಿ ಚಿಕ್ಕದು ಮಾಡಿದ್ದಾರೆ, ಇನ್ನೆಲ್ಲಿಂದ ಬರುತ್ತೆ? ಆಪರೇಷನ್ ಆದ ಮೈ, ಸುಮ್ನೆ ಸುಸ್ತು ಮಾಡ್ಕೋಬೇಡ."

ಮಾತಿಗೆ ಆಕೆ ಬಗ್ಗಲಿಲ್ಲ. ಟೈಲರ್ ಒಂದು ಹಳೆಯ ಸ್ಕೂಟರ್ ತಂದರು. ಕೌಂಟರ್ ಮುಚ್ಚುವ ಹೊತ್ತಿಗೆ ಅದರ ಮೇಲೆ ಹಾಜರ್. ಹಾಲು, ತರಕಾರಿ ಎಲ್ಲ ಅವರೇ ತರತೊಡಗಿದರು. "ನೀನು ಕೂತ್ಕೋ, ನಾನಿಲ್ವಾ?" ಎಂಬುದೊಂದೇ ಮಾತು. ಗಂಡ ಅಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಹೊಗಳಿತು. ನಾನೂ ನಮ್ಮೆಜಮಾನರನ್ನು ಚುಚ್ಚಿ ಎರಡು ಮಾತಾಡಿದೆ. ಆಕೆ ಪಾರ್ಕಿಗೆ ಹೋಗುವುದು ವಾರಕ್ಕೊಮ್ಮೆಯಾಗಿ, ಕೊನೆಗೆ ನಿಂತೇಹೋಯಿತು. ತಪಾಸಣೆಗೂ ಬರಲಿಲ್ಲ. ಕೇಳಿದರೆ, "ಚೆನ್ನಾಗಿದ್ದೀನಿ ಅಕ್ಕ, ಬಟ್ಟೆ ಎಲ್ಲ ಸರಿಯಾಗೇ ಆಗ್ತಿವೆ" ಎನ್ನುತ್ತಿದ್ದರು.

ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ನಾನೇ ಬಲವಂತ ಮಾಡಿ ಆಸ್ಪತ್ರೆಗೆ ಬರಹೇಳಿದೆ. ತೂಕ ನೋಡಿದೆ. ಇಳಿದಿದ್ದರಲ್ಲಿ ಅರ್ಧದಷ್ಟು ವಾಪಸ್ ಬಂದಿತ್ತು. ಸಕ್ಕರೆಯೂ ಏರಿತ್ತು. ಮುಂದಿನ ತಪಾಸಣೆಯಲ್ಲೂ ಹೀಗೇ ಇದ್ದರೆ ಮತ್ತೆ ಇನ್ಸುಲಿನ್ ಶುರು ಮಾಡಬೇಕಾಗುತ್ತದೆ ಎಂದರು ಡಾಕ್ಟರ್.

"ನಿಮ್ಮ ಯಂತ್ರ ಕೆಟ್ಟಿದೆ ಅಕ್ಕ," ಎಂದರು ಆಕೆ. "ನೋಡಿ, ಅದೇ ಹಳೇ ಅಂಗಿ. ಒಂಚೂರೂ ಬಿಗಿಯಾಗಿಲ್ಲ."

ನಾನು ಅಂಗಿಯ ಪಕ್ಕ ಹಿಡಿದು ನೋಡಿದೆ. ಈಗಿನ ಹೊಲಿಗೆಗಿಂತ ಬೆರಳಗಲ ಒಳಗೆ ಹಳೆಯ ಸೂಜಿತೂತುಗಳ ಸಾಲು ಕಾಣುತ್ತಿತ್ತು. ನಡುವಿನ ಬಟ್ಟೆ ಮಾತ್ರ ಬಣ್ಣ ಮಾಸದೆ ಹೊಸದರಂತಿತ್ತು.

"ಇದನ್ನ ಯಾರೋ ಬಿಚ್ಚಿ, ಸಡಿಲ ಮಾಡಿ ಹೊಲಿದಿದ್ದಾರಲ್ಲ?" ಎಂದೆ.

ಜೊತೆಗೆ ಬಂದು ಬಾಗಿಲ ಬಳಿ ಕೂತಿದ್ದ ಟೈಲರ್ ತಲೆ ತಗ್ಗಿಸಿದರು. ಆಕೆ ತಿರುಗಿ ಅವರನ್ನೇ ನೋಡಿದರು.

"ನೀವಾ?"

"ಬಿಗಿಯಾದಾಗೆಲ್ಲ ಸ್ವಲ್ಪ ಸ್ವಲ್ಪ ಬಿಡಿಸ್ದೆ. ಗೊತ್ತಾದ್ರೆ ಮತ್ತೆ ಪಾರ್ಕಿಗೆ ಹೊರಡ್ತೀಯ ಅಂತ." ಎಂದರು ಟೈಲರ್. "ನೀನು ಅಲ್ಲಿಂದ ನಗ್ತಾ ಬರ್ತಿದ್ದೆ. ನನ್ನ ಹತ್ರ ಯಾವತ್ತೂ ಹಾಗೆ ನಕ್ಕಿಲ್ಲ. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ ಕಣೇ."

"ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಮೈ ಬೇಯಬೇಕಾ? ಮತ್ತೆ ದಿನಾ ಚುಚ್ಕೊಳ್ಳೋ ಹಾಗಾದ್ರೆ ನನ್ನ ಬದಲು ನೀವು ಚುಚ್ಚಿಸ್ಕೊಳ್ತೀರಾ?"

ನನಗೂ ಸಿಟ್ಟು ಬಂದಿತ್ತು.

"ಕೇಳಿ ಟೈಲರೇ," ಎಂದೆ. "ಆಪರೇಷನ್ ತೂಕ ಇಳಿಸುತ್ತೆ. ಇಳಿದಿದ್ದನ್ನ ಉಳಿಸ್ಕೊಳ್ಳೋಕೆ ಊಟದಲ್ಲಿ ಹಿಡಿತ ಬೇಕು, ಮೈಗೆ ಕೆಲಸ ಬೇಕು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತೆ. ಸುಮ್ನೆ ಕೂತ್ರೆ ಅದು ಇನ್ನೂ ಸೊರಗುತ್ತೆ. ಆಗ ಸ್ವಲ್ಪ ತಿಂದ್ರೂ ಖರ್ಚಾಗಲ್ಲ, ಮೈಗೇ ಅಂಟುತ್ತೆ."

"ಈಗ ನಡೆದ್ರೆ ಇಳಿಯುತ್ತಾ ಸಿಸ್ಟರ್?" ಎಂದರು ಟೈಲರ್.

"ನಾಳೆ ಬೆಳಗಾಗೋದ್ರಲ್ಲಿ ಇಳಿಯಲ್ಲ. ಕೂತಿದ್ರೆ ಏರೋದು ಮಾತ್ರ ಗ್ಯಾರಂಟಿ. ನಿಧಾನಕ್ಕೆ ಶುರು ಮಾಡಿ ದಿನಕ್ಕೆ ಅರ್ಧ ಗಂಟೆಗೆ ಬರಲಿ, ವಾರದಲ್ಲಿ ಐದು ದಿನ. ಜೊತೆಗೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ಒತ್ತೋದು. ಮಾಂಸಖಂಡ ಗಟ್ಟಿಯಾಗುತ್ತೆ. ತಲೆ ಸುತ್ತಿದ್ರೆ ನಿಲ್ಲಿಸಿ, ನಮಗೆ ಹೇಳಿ."

ಆಕೆ ಎದ್ದು ಮನೆಗೆ ನಡೆದೇ ಹೊರಟರು. ಟೈಲರ್‌ಗೆ ಸ್ಕೂಟರ್ ಹತ್ತುವ ಧೈರ್ಯ ಬರಲಿಲ್ಲ. ಅದನ್ನು ತಳ್ಳಿಕೊಂಡು ಏದುಸಿರು ಬಿಡುತ್ತ ಹಿಂದೆ ಹಿಂದೆ ಹೋದರು. ಬೀದಿಯೆಲ್ಲ ನೋಡಿ ನಕ್ಕಿತು.

ಆಕೆ ಬಹಳ ದಿನ ಗಂಡನ ಜೊತೆ ಮಾತು ಬಿಟ್ಟರು. ಟೈಲರ್ ಮಾತ್ರ ದಿನವೂ ಪಾರ್ಕಿಗೆ ಜೊತೆಗೆ ಹೋದರು. ಡ್ರಿಲ್ ಮೇಷ್ಟ್ರು ಇವರನ್ನೂ ನಗಿಸಿದರು, ಅದಕ್ಕೂ ಇವರಿಗೆ ಸಿಟ್ಟು. ಆಗ ಹೊಸ ಸಂಕಟವೊಂದು ಶುರುವಾಯಿತು: ಹೆಂಡತಿ ಮುಂದೆ ಮುಂದೆ ಹೋಗುತ್ತಿದ್ದರು, ಇವರಿಗೆ ಸಮಕ್ಕೆ ನಡೆಯಲಾಗುತ್ತಿರಲಿಲ್ಲ.

ಮುಂದಿನ ತಪಾಸಣೆಗೆ ಇಬ್ಬರೂ ಬಂದರು. ತೂಕ ಏರುವುದು ನಿಂತು, ಸ್ವಲ್ಪ ಇಳಿದಿತ್ತು. "ಇನ್ಸುಲಿನ್ ಸದ್ಯಕ್ಕೆ ಬೇಡ" ಎಂದರು ಡಾಕ್ಟರ್. ಟೈಲರ್ ಹೊರಗಿನ ಬೆಂಚಿನಲ್ಲಿ ಕೂತು ಅತ್ತುಬಿಟ್ಟರು. ಆಕೆ ಪಕ್ಕದಲ್ಲಿ ಕೂತು, "ಸಾಕು ಏಳಿ, ಕೂತಿದ್ದು ಸಾಕು" ಎಂದರು. ಮಾತು ಬಿಟ್ಟ ಮೇಲೆ ಗಂಡನ ಜೊತೆ ಆಕೆ ಆಡಿದ ಮೊದಲ ಮಾತು ಅದೇ.

ಅಕ್ಕಂದಿರೇ, ಅಣ್ಣಂದಿರೇ, ತೂಕ ಇಳಿಸುವ ಆಪರೇಷನ್ ನಿಮಗಾಗಿದ್ದರೆ ನಡೆಯುವುದನ್ನು ಬಿಡಬೇಡಿ. ಯಾವಾಗ, ಎಷ್ಟು ಎಂದು ನಿಮ್ಮ ಡಾಕ್ಟರನ್ನು ಕೇಳಿ. ತಪಾಸಣೆ ತಪ್ಪಿಸಬೇಡಿ. ಮನೆಯವರೇ, ಅವರನ್ನು ಕೂರಿಸಿ ಸೇವೆ ಮಾಡಬೇಡಿ. ಹೊಟ್ಟೆಕಿಚ್ಚು ಬಂದರೆ ಬರಲಿ, ಮನುಷ್ಯರಿಗೆ ಬರುವುದೇ. ಅದನ್ನೂ ಕರೆದುಕೊಂಡು ಅವರ ಜೊತೆ ಇವತ್ತೇ ನಡೆಯಲು ಹೊರಡಿ.