ಹುದಾಕ್ ಮನೆಯ ಗುರುವಾರದ ಊಟ

ನನ್ನ ಹೆಸರು ಡಾರ್ಲೀನ್ ಹುದಾಕ್. ಪೆನ್ಸಿಲ್ವೇನಿಯಾದ ಕೆಲ್‌ಬ್ರೂಕ್ ಊರಿನಲ್ಲಿ ಹೈಸ್ಕೂಲಿನ ಬಸ್ಸು ಓಡಿಸುತ್ತೇನೆ. ಹತ್ತೊಂಬತ್ತು ವರ್ಷವಾಯಿತು, ಒಂದು ಕಂಬಕ್ಕೂ ಗುದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ನನ್ನನ್ನು ಹೊಣೆಗೇಡಿ ಹೆಂಗಸು ಅಂದುಕೊಳ್ಳಬಹುದು.

ಕೊರೋನಾ ಬಂದ ವರ್ಷದ ಆಗಸ್ಟ್ ತಿಂಗಳು. ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಸಲ ಫುಟ್‌ಬಾಲ್ ಇದೆಯೋ ಇಲ್ಲವೋ. ಉಕ್ಕಿನ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾದ ಊರು ನಮ್ಮದು. ಉಳಿದಿರುವುದು ಶುಕ್ರವಾರದ ಆಟ ಒಂದೇ. ನನ್ನ ಮಗ ಟ್ರೆವರ್‌ಗೆ ಅದು ಶಾಲೆಯ ಕೊನೆಯ ವರ್ಷ. ತಂಡದ ನಾಯಕ ಬೇರೆ. ಹೆಲ್ಮೆಟ್ಟು ತೊಟ್ಟು ಒಬ್ಬರ ಮೇಲೊಬ್ಬರು ಬಿದ್ದು ಚೆಂಡು ಕಿತ್ತುಕೊಳ್ಳುವ ಆಟ ಅದು. ದೂರ ನಿಂತು ಆಡಿ ಎಂದರೆ ಯಾರು ಆಡುತ್ತಾರೆ?

ಕೊನೆಗೆ ಶಾಲೆಯವರು ಆಟಕ್ಕೆ ಒಪ್ಪಿದರು. ಜೊತೆಗೆ ನಿಯಮಗಳೂ ಬಂದವು. ಅವನ್ನು ಪಾಲಿಸುವಂತೆ ನೋಡಿಕೊಳ್ಳುವ ಕೆಲಸ ಶಾಲೆಯ ನರ್ಸ್ ಲೊರೇನ್ ಪಾಲಿಗೆ ಬಂತು. ಅವಳು ನಮ್ಮ ಪಕ್ಕದ ಮನೆಯವಳೇ. ಪ್ರತಿ ಹುಡುಗನಿಗೂ ಅವನದೇ ನೀರಿನ ಬಾಟಲಿ. ಆಡದಿರುವಾಗ ಮುಖಕ್ಕೆ ಮಾಸ್ಕ್. ಪೆಟ್ಟು ತಾಗದಿರಲಿ ಎಂದು ಹಲ್ಲಿಗೆ ಹಾಕುವ ರಬ್ಬರನ್ನು ಬೆರಳಿನಿಂದ ತೆಗೆದು ಹೆಲ್ಮೆಟ್ಟಿಗೆ ಸಿಕ್ಕಿಸುವ ಚಾಳಿ ಬಿಡಬೇಕು. ಬಸ್ಸಿನ ಸೀಟಿಗೊಬ್ಬರು, ಕಿಟಕಿ ಎಲ್ಲ ತೆರೆದೇ ಇರಬೇಕು. ದಿನಾ ಬೆಳಿಗ್ಗೆ ಮನೆಯಲ್ಲೇ ಒಂದು ಹಾಳೆ ತುಂಬಿಸಬೇಕು: ಜ್ವರ ಇದೆಯಾ, ಗಂಟಲು ನೋವಿದೆಯಾ, ವಾಸನೆ ಗೊತ್ತಾಗುತ್ತಿದೆಯಾ.

ನಾನು ಕಿಟಕಿ ತೆರೆದೇ ಬಸ್ಸು ಓಡಿಸಿದೆ. ಸೆಪ್ಟೆಂಬರ್ ಕೊನೆಯ ಚಳಿಗೆ ಹುಡುಗರು ಹಲ್ಲು ಕಟಕಟ ಎನ್ನಿಸುತ್ತಿದ್ದರು. "ಡಾರ್ಲೀನ್ ಆಂಟಿ, ನಮ್ಮನ್ನ ಐಸ್ ಪೆಟ್ಟಿಗೇಲಿ ಇಟ್ಟಿದೀರಾ?" ಎಂದು ಹಿಂದಿನಿಂದ ಕೂಗುತ್ತಿದ್ದರು. "ಕೆಡಬಾರದು ಅಂತಾನೇ ಇಟ್ಟಿರೋದು, ಕೂತ್ಕೊಳ್ರೋ," ಎನ್ನುತ್ತಿದ್ದೆ. ನನಗೆ ನನ್ನ ಬಗ್ಗೆಯೇ ಹೆಮ್ಮೆ.

ಆದರೆ ನಮ್ಮ ಮನೆಯಲ್ಲಿ ಗುರುವಾರದ ಊಟ ಎಂಬುದೊಂದಿತ್ತು.

ಪ್ರತಿ ಆಟದ ಹಿಂದಿನ ಸಂಜೆ ಇಡೀ ತಂಡ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಉಣ್ಣುತ್ತದೆ. ನನ್ನ ಗಂಡ ರೂಡಿ ಹುಡುಗನಾಗಿ ಆಡುತ್ತಿದ್ದಾಗ ನಮ್ಮತ್ತೆ ಒಲ್ಗಾ ಶುರುಮಾಡಿದ್ದು. ಅವರು ತೀರಿಹೋದ ಮೇಲೂ ಮಾವ ನಿಲ್ಲಿಸಲಿಲ್ಲ. ಎಲೆಕೋಸಿನ ಎಲೆಯಲ್ಲಿ ಮಾಂಸ, ಅಕ್ಕಿ ಸುತ್ತಿ ಬೇಯಿಸಿದ ಹಲುಪ್ಕಿ, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಹಾಕಿದ ನೂಡಲ್ಸ್. ಮೂವತ್ತನಾಲ್ಕು ಹುಡುಗರು, ನಾಲ್ಕು ಉದ್ದನೆಯ ಮೇಜು, ಗೋಡೆಯ ಮೇಲ್ಗಡೆ ಮೊಣಕೈಯಷ್ಟು ಅಗಲದ ಎರಡು ಕಿಟಕಿ. ನದಿಯಾಚೆಯ ಮಾರ್ಲೋ ತಂಡದ ಎದುರು ಆಟವಿದ್ದರೆ ಊಟದ ಕೊನೆಗೆ ಇನ್ನೊಂದು ಕ್ರಮ. ಮಾವನ ಅಪ್ಪ ಕಾರ್ಖಾನೆಗೆ ಒಯ್ಯುತ್ತಿದ್ದ ತಗಡಿನ ಲೋಟದಲ್ಲಿ ಸೇಬಿನ ರಸ ತುಂಬುತ್ತಾರೆ. ಮೊದಲ ಗುಟುಕು ನಾಯಕನದು. ಲೋಟ ಎಲ್ಲರ ಕೈ ದಾಟಿ ಬಂದು ಕೊನೆಯ ಗುಟುಕು ಮಾವನದು.

ಮಾವನ ಹೆಸರು ಎಮಿಲ್. ಆಗ ಅವರಿಗೆ ಎಪ್ಪತ್ತಾರು. ಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದು ಶ್ವಾಸಕೋಶ ಹಾಳುಮಾಡಿಕೊಂಡವರು. ಮೆಟ್ಟಿಲು ಹತ್ತಿದರೆ ಏದುಸಿರು.

ಮೊದಲ ಗುರುವಾರಕ್ಕೆ ಮುಂಚೆಯೇ ಲೊರೇನ್ ನಮ್ಮ ಹಿತ್ತಲ ಬೇಲಿಯವರೆಗೆ ಬಂದಳು. ಬೇಲಿಯ ಆಚೆಯೇ ನಿಂತು ಮಾತಾಡಿದಳು.

"ಎಮಿಲ್ ಅವರೇ, ಈ ವರ್ಷ ನೆಲಮಾಳಿಗೆ ಊಟ ಬೇಡ. ಪೊಟ್ಟಣ ಕಟ್ಟಿಕೊಡಿ, ಹುಡುಗ್ರು ಅವರವರ ಮನೆಗೆ ತಗೊಂಡು ಹೋಗ್ಲಿ."

"ಪೊಟ್ಟಣ ಕಟ್ಟೋಕೆ ಇದೇನು ಹೋಟ್ಲಾ?" ಎಂದರು ಮಾವ. "ಅಲ್ಲಮ್ಮಾ, ಮೈದಾನದಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ ಬಡಿಯುತ್ತೆ. ಅಲ್ಲಿ ಬರದೇ ಇರೋ ರೋಗ ನನ್ನ ಹಲುಪ್ಕಿ ತಿಂದ್ರೆ ಬರುತ್ತಾ?"

"ಹಲುಪ್ಕಿಯಿಂದ ಬರಲ್ಲ, ಗಾಳಿಯಿಂದ ಬರುತ್ತೆ. ಮೈದಾನದಲ್ಲೂ ಭಯ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಅಲ್ಲಿ ಬಯಲು. ಡಿಕ್ಕಿ ಹೊಡೀತಾರೆ, ಕ್ಷಣದಲ್ಲಿ ಎದ್ದು ಹೋಗ್ತಾರೆ, ಗಾಳಿ ಹೊತ್ಕೊಂಡು ಹೋಗುತ್ತೆ. ನಿಮ್ಮ ನೆಲಮಾಳಿಗೇಲಿ ಒಂದೂವರೆ ಗಂಟೆ ಕೂರ್ತಾರೆ. ಊಟ ಮಾಡೋವಾಗ ಮಾಸ್ಕ್ ಇರಲ್ಲ. ಕಿರಚ್ತಾರೆ, ಹಾಡ್ತಾರೆ. ಒಬ್ಬ ಬಿಟ್ಟ ಉಸಿರನ್ನ ಮೂವತ್ತು ಜನ ಎಳ್ಕೋತಾರೆ."

"ಮುರಿದ ಬೆರಳಲ್ಲಿ ಆಡಿದೋನು ನಾನು. ಉಸಿರಿಗೆ ಹೆದರ್ತೀನಾ?"

"ಬೆರಳು ಹತ್ತು ಇದಾವೆ ಎಮಿಲ್ ಅವರೇ. ಶ್ವಾಸಕೋಶ ಇರೋದು ಎರಡೇ, ಅವೂ ಅರ್ಧಂಬರ್ಧ."

ಮಾವ ನಕ್ಕುಬಿಟ್ಟರು. ಒಪ್ಪಲಿಲ್ಲ. "ಒಲ್ಗಾ ಶುರುಮಾಡಿದ್ದು, ನಾನು ನಿಲ್ಲಿಸಲ್ಲ," ಎಂದು ಒಳಗೆ ಹೋದರು. ಲೊರೇನ್ ನನ್ನ ಮುಖ ನೋಡಿದಳು. "ನೀನಾದ್ರೂ ಹೇಳು. ಬಸ್ಸಿನ ಕಿಟಕಿ ತೆಗೆಸ್ತೀಯ, ಮನೆ ಕಿಟಕಿ ಮುಚ್ಚಿ ಕೂರಿಸ್ತೀಯ," ಎಂದಳು. ಮುದುಕರ ಮನಸ್ಸು ಯಾಕೆ ನೋಯಿಸಲಿ ಎಂದು ನಾನು ಸುಮ್ಮನಾದೆ. ಮೂರು ಗುರುವಾರ ಕಳೆದವು, ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ನಮ್ಮನ್ನು ಕೆಡಿಸಿತು.

ನಾಲ್ಕನೆಯ ಗುರುವಾರ. ಮರುದಿನ ಮಾರ್ಲೋ ಜೊತೆ ಆಟ. ಬಸ್ಸು ನಿಲ್ಲಿಸಿ ಬಂದು ಗಡಿಬಿಡಿಯಲ್ಲಿ ದೊಡ್ಡ ಬಾಣಲೆಗೆ ಈರುಳ್ಳಿ ಹಾಕಿದೆ. ಫೋನಿನಲ್ಲಿ ರೂಡಿ ಸಿಕ್ಕ. ಲಾರಿ ಓಡಿಸುವವನು, ಭಾನುವಾರ ಬಿಟ್ಟರೆ ಮನೆಯಲ್ಲಿ ಇರುವುದಿಲ್ಲ. ಮಾತಾಡಿ ತಿರುಗಿ ನೋಡುವಷ್ಟರಲ್ಲಿ ಈರುಳ್ಳಿ ಇದ್ದಿಲಾಗಿತ್ತು. ಮನೆಯೆಲ್ಲ ಕಮಟು. ಬೇರೆ ಮಾಡಲು ಹೊತ್ತಿಲ್ಲ. ಕರಕಲಾದದ್ದನ್ನು ಆದಷ್ಟು ಆರಿಸಿ ತೆಗೆದು ನೂಡಲ್ಸಿಗೆ ಕಲಸಿದೆ.

ಹುಡುಗರು ಮೂಗು ಮುಚ್ಚಿಕೊಂಡೇ ಮೆಟ್ಟಿಲಿಳಿದರು. "ಆಂಟಿ, ಬಸ್ಸಿನ ಟೈರು ಬೇಯಿಸಿದ್ರಾ?" ಎಂದ ಒಬ್ಬ. ಎಲ್ಲರೂ ನಕ್ಕರು.

ಟ್ರೆವರ್ ಕೊನೆಗೆ ಬಂದ. ತಾತನ ಪಕ್ಕದ ಕುರ್ಚಿ ಯಾವಾಗಲೂ ಅವನದು. ತಟ್ಟೆ ತುಂಬ ನೂಡಲ್ಸ್ ಹಾಕಿಕೊಂಡ. ತಿಂದ. ಇನ್ನೊಂದು ತಟ್ಟೆ ಹಾಕಿಕೊಂಡ. "ಯಾಕೋ ಎಲ್ಲರೂ ನಗ್ತಿದೀರಾ?" ಎಂದು ಪಕ್ಕದವನನ್ನು ಕೇಳಿದ.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಈರುಳ್ಳಿ ಒಂದಿಷ್ಟು ಕಂದಿದರೆ ತಟ್ಟೆ ದೂಡಿ ಏಳುವ ಹುಡುಗ ಅವನು. ಚಿಕ್ಕಂದಿನಿಂದ ಹಾಗೇ.

ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಗೊತ್ತಾಯಿತು, ಆದರೂ ಬಾಯಿ ತೆರೆಯಲಿಲ್ಲ. ಹಸಿದಿರಬೇಕು ಅಂದುಕೊಂಡೆ. ನೆಗಡಿ ಇರಬೇಕು ಅಂದುಕೊಂಡೆ. ನಾಳೆಯ ಆಟ ಹೋದರೆ ಇವನಿಗೆ ಮತ್ತೆ ಸಿಗುವುದಿಲ್ಲ ಅಂದುಕೊಂಡೆ. ತಟ್ಟೆಗಳನ್ನು ಎತ್ತಿಟ್ಟೆ, ನೀರು ಕೊಟ್ಟೆ, ಮತ್ತೆ ಅವನನ್ನೇ ನೋಡಿದೆ. ತಾತ ಅವನ ಹೆಗಲ ಮೇಲೆ ಕೈಹಾಕಿ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಇಬ್ಬರ ಮುಖದ ನಡುವೆ ಒಂದು ಗೇಣು ಇರಲಿಲ್ಲ. ಹೀಗೆಯೇ ಒಂದು ಗಂಟೆಗೂ ಮೇಲೆ ಕಳೆದೆ.

ಆಮೇಲೆ ಮಾವ ತಗಡಿನ ಲೋಟ ತಂದರು. ಸೇಬಿನ ರಸ ತುಂಬಿ ಟ್ರೆವರ್ ಕೈಗೆ ಕೊಟ್ಟರು. ಹುಡುಗರು ಮೇಜು ಬಡಿಯತೊಡಗಿದರು. ಅವನು ಲೋಟ ಹಿಡಿದು ನಿಂತ. ಕುಡಿಯಲಿಲ್ಲ. ತಲೆ ಎತ್ತಿ ನನ್ನನ್ನು ಹುಡುಕಿದ. ಅವನ ಕಣ್ಣು ನೋಡಿದೆ. ಅವನಿಗೂ ಗೊತ್ತಿತ್ತು.

"ಟ್ರೆವರ್, ಲೋಟ ಕೆಳಗಿಡು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೇಜು ಬಡಿಯುವುದು ನಿಂತಿತು.

"ಯಾಕೆ ಮಗಳೇ?" ಎಂದರು ಮಾವ.

"ಅವನಿಗೆ ವಾಸನೆ ಗೊತ್ತಾಗ್ತಿಲ್ಲ ಮಾವ. ಸುಟ್ಟಿದ್ದನ್ನ ಎರಡು ತಟ್ಟೆ ತಿಂದ."

ಟ್ರೆವರ್ ಲೋಟ ಇಟ್ಟ. "ಬೆಳಿಗ್ಗೆಯಿಂದ ಗೊತ್ತಾಗ್ತಿಲ್ಲ ತಾತ," ಎಂದ. "ಹಾಳೇಲಿ ಎಲ್ಲ ಸರಿ ಇದೆ ಅಂತ ಬರೆದೆ. ಎಲ್ಲರೂ ಹಾಗೇ ಬರೀತಾರೆ. ಒಬ್ಬ ನಿಜ ಹೇಳಿದ್ರೆ ಆಟಾನೇ ನಿಂತು ಹೋಗುತ್ತೆ ಅಂತ."

ಆಮೇಲೆ ಮೂರನೆಯ ಮೇಜಿನಿಂದ ಒಬ್ಬ ಹುಡುಗ ಮೆಲ್ಲಗೆ ಕೈ ಎತ್ತಿದ. "ಆಂಟಿ, ನನಗೂ ಮೂರು ದಿನದಿಂದ ಗಂಟಲು ನೋವು." ಅವನ ಅಕ್ಕಪಕ್ಕದವರು ಕುರ್ಚಿ ಎಳೆದುಕೊಂಡು ದೂರ ಸರಿದರು. ಸರಿದು ಎಲ್ಲಿಗೆ ಹೋಗುತ್ತಾರೆ? ಇದ್ದದ್ದು ಒಂದೇ ಕೋಣೆ.

ಓಡಿಹೋಗಿ ಲೊರೇನ್‌ಳನ್ನು ಕರೆದೆ. ಅವಳು ಎಲ್ಲರಿಗೂ ಮಾಸ್ಕ್ ಹಾಕಿಸಿ ಒಬ್ಬೊಬ್ಬರನ್ನೇ ಹಿತ್ತಲಿಗೆ ಕಳಿಸಿದಳು. "ಲೋಟಕ್ಕೆ ಯಾರೂ ಬಾಯಿ ಹಚ್ಚಿಲ್ಲ ಲೊರೇನ್, ಒಂದು ಗುಟುಕೂ ಯಾರೂ ಕುಡಿದಿಲ್ಲ," ಎಂದು ನಾನು ಬಡಬಡಿಸಿದೆ. ಎಲ್ಲ ಉಳಿಯಿತು ಎಂದು ಅವಳು ಹೇಳಲಿ ಎಂಬ ಆಸೆ.

ಅವಳು ನನ್ನನ್ನು ಬೈಯಲಿಲ್ಲ. "ಲೋಟದ ಮಾತು ಬಿಡು. ಎಷ್ಟು ಹೊತ್ತು ಕೂತಿದ್ರು?" ಎಂದಳು.

"ಒಂದೂವರೆ ಗಂಟೆ."

"ಕಿಟಕಿ?"

ನಾನು ಆ ಎರಡು ಕಿಟಕಿಗಳತ್ತ ಕೈ ತೋರಿಸಿದೆ. ಮುಚ್ಚಿಯೇ ಇದ್ದವು.

ಶುಕ್ರವಾರದ ಆಟ ರದ್ದಾಯಿತು. ಇಡೀ ತಂಡ ಹದಿನಾಲ್ಕು ದಿನ ಮನೆಯೊಳಗೆ. ಶನಿವಾರ ಟ್ರೆವರ್‌ನ ಪರೀಕ್ಷೆಯ ಫಲ ಬಂತು, ಸೋಂಕು ಇತ್ತು. ಅವನನ್ನು ಮೇಲಿನ ಕೋಣೆಯಲ್ಲಿ ಇಟ್ಟೆವು. ಮಾವ ತಮ್ಮ ಕೋಣೆಯಲ್ಲಿ. ನಾನು ಅಡುಗೆಮನೆಯಲ್ಲಿ ಕೂತು ಗೋಡೆಗೆ ಕಿವಿಕೊಟ್ಟೆ. ರೂಡಿಗೆ ಬರಬೇಡ ಎಂದು ಹೇಳಿದ್ದೆ. ಭಾನುವಾರ ಏನೂ ಕೇಳಲಿಲ್ಲ. ಸೋಮವಾರವೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಊರಲ್ಲಿ ಮಾತು ಶುರುವಾಗಿತ್ತು. ಹುದಾಕ್ ಮನೆಯವರಿಂದ ಆಟ ಹೋಯಿತು ಎಂದು ಫೋನು ಮಾಡಿಯೇ ಹೇಳಿದವರಿದ್ದಾರೆ. ನನಗೆ ಅದೊಂದೂ ನಾಟಲಿಲ್ಲ. ನಾನು ಕಾಯುತ್ತಿದ್ದುದು ಒಂದು ಕೆಮ್ಮಿಗೆ.

ಮಂಗಳವಾರ ಬೆಳಿಗ್ಗೆ ಮಾವ ಕೆಮ್ಮಿದರು. ಒಂದೇ ಸಲ. ಆಮೇಲೆ ಬಾಗಿಲ ಆಚೆಯಿಂದ, "ಕಾಫಿ ಗಂಟಲಿಗೆ ಸಿಕ್ಕಿತು ಕಣಮ್ಮ, ಗಾಬರಿಯಾಗ್ಬೇಡ," ಎಂದರು. ಅವರಿಗೆ ನಾನಿನ್ನೂ ಕಾಫಿ ಕೊಟ್ಟಿರಲಿಲ್ಲ.

ಬುಧವಾರ ಅವರ ತುಟಿ ನೀಲಿಗಟ್ಟಿತು. ಆಸ್ಪತ್ರೆಯ ಬಾಗಿಲಲ್ಲೇ ನನ್ನನ್ನು ತಡೆದರು, ಒಳಗೆ ಯಾರಿಗೂ ಬಿಡುವಂತಿಲ್ಲ. ಗಾಲಿಕುರ್ಚಿ ತಿರುಗಿತು. ಅವರು ಹಿಂದೆ ನೋಡಲು ಕತ್ತು ಹೊರಳಿಸಿದರು, ಆಗಲಿಲ್ಲ. ಮನೆಗೆ ಬಂದರೆ ಟ್ರೆವರ್ ಮೆಟ್ಟಿಲ ಮೇಲೆ ಕೂತಿದ್ದ.

"ಅಮ್ಮಾ, ತಾತನ್ನ ನಾನು ಸಾಯಿಸ್ತಿದೀನಾ?"

ಹದಿನೇಳು ವರ್ಷದ ಮಗ, ಆರಡಿ ಎತ್ತರ, ಮುಖದಲ್ಲಿ ನೆತ್ತರಿಲ್ಲ. ಹತ್ತಿರ ಹೋಗಿ ಅಪ್ಪಿಕೊಳ್ಳುವ ಹಾಗೂ ಇಲ್ಲ. ಮಾಸ್ಕ್ ಹಾಕಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತೆ. "ನೀನು ಒಬ್ಬನೇ ಅಲ್ಲ ಕಂದಾ. ನಾನೂ ನೋಡಿದ್ದೆ," ಎಂದೆ. ಇಬ್ಬರೂ ಅತ್ತೆವು.

ಮಾವ ಹನ್ನೊಂದು ದಿನ ಆಮ್ಲಜನಕದ ಮೇಲಿದ್ದರು. ಫೋನು ಸದ್ದಾದರೆ ಸಾಕು, ಎತ್ತಲು ಕೈ ಬರುತ್ತಿರಲಿಲ್ಲ. ಆರನೆಯ ದಿನ ಅಲ್ಲಿನ ನರ್ಸ್ ಅವರ ಕಿವಿಗೆ ಫೋನು ಹಿಡಿದಳು. ಒಂದೊಂದು ಪದಕ್ಕೂ ನಿಲ್ಲಿಸಿ, ನಿಲ್ಲಿಸಿ ಮಾತಾಡಿದರು.

"ಹುಡುಗನ್ನ... ಬೈಬೇಡ. ಲೊರೇನ್... ಹೇಳಿದ್ಲು. ನಾನು... ಕೇಳಲಿಲ್ಲ."

ಅವರು ಬದುಕಿ ಬಂದರು. ಮೂಗಿಗೆ ಕೊಳವೆ, ಪಕ್ಕದಲ್ಲಿ ಸಿಲಿಂಡರು. ನೆಲಮಾಳಿಗೆಯ ಮೆಟ್ಟಿಲನ್ನು ಅವರು ಮತ್ತೆ ಇಳಿದಿಲ್ಲ. ತಂಡದಲ್ಲಿ ಒಟ್ಟು ಏಳು ಹುಡುಗರಿಗೆ ಸೋಂಕು ತಗುಲಿತ್ತು. ಒಬ್ಬನ ಅಜ್ಜಿಯೂ ಆಸ್ಪತ್ರೆ ಸೇರಿದ್ದರು. ಅವರು ಮನೆಗೆ ಬರಲಿಲ್ಲ. ಆ ಮನೆಯ ಮುಂದೆ ನಾನು ಇವತ್ತಿಗೂ ಬಸ್ಸು ನಿಲ್ಲಿಸುತ್ತೇನೆ.

ಮಾರ್ಲೋದವರು ದೊಡ್ಡ ಮನಸ್ಸು ಮಾಡಿ ಆಟವನ್ನು ನವೆಂಬರಿಗೆ ಇಟ್ಟುಕೊಂಡರು. ಆ ಗುರುವಾರ ನಾನು ಮತ್ತೆ ಹಲುಪ್ಕಿ ಮಾಡಿದೆ. ಪೊಟ್ಟಣ ಕಟ್ಟಿ ಹಿತ್ತಲ ಬೇಲಿಯ ಮೇಲೆ ಸಾಲಾಗಿ ಇಟ್ಟೆ. ಹುಡುಗರು ದೂರ ದೂರ ನಿಂತು ತೆಗೆದುಕೊಂಡು ಹೋದರು. ಮಾವ ಗಾಜಿನ ಕಿಟಕಿಯ ಹಿಂದೆ ಕೂತು ಪೊಟ್ಟಣಗಳನ್ನು ನೋಡುತ್ತಿದ್ದರು. "ಹೋಟ್ಲೇ ಆಯ್ತಲ್ಲ ಕೊನೆಗೆ," ಎಂದರು. ಮರುದಿನ ಮೈದಾನದ ಬೇಲಿಯಾಚೆ ಕಾರು ನಿಲ್ಲಿಸಿ ಅವರನ್ನು ಅದರೊಳಗೇ ಕೂರಿಸಿದೆ. ಆಟ ಶುರುವಾಗುವ ಮುಂಚೆ ಮೂವತ್ತನಾಲ್ಕು ಹುಡುಗರು ಕಾರಿನ ಕಡೆ ತಿರುಗಿ ತಂತಮ್ಮ ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದರು. ಮಾವ ತಗಡಿನ ಲೋಟವನ್ನು ಮನೆಯಿಂದ ತಂದಿದ್ದರು. ಕೊಳವೆಯನ್ನು ಒಂದು ಬದಿಗೆ ಸರಿಸಿ ಕೊನೆಯ ಗುಟುಕು ಕುಡಿದರು. ನಾವು ಆ ಆಟ ಸೋತೆವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳು ಆಡಲಿ. ಆಡಬೇಡಿ ಎಂದು ನಾನು ಹೇಳುವವಳಲ್ಲ. ಬಯಲಲ್ಲಿ ಆಡಲಿ, ತಮ್ಮ ಬಾಟಲಿಯಲ್ಲೇ ನೀರು ಕುಡಿಯಲಿ, ಮಾಸ್ಕ್ ಹಾಕಿಕೊಳ್ಳಲಿ. ಆದರೆ ಆಟ ಮುಗಿದ ಮೇಲೆ ಏನು ಮಾಡುತ್ತಾರೆ ನೋಡಿ. ಒಂದೇ ಕಾರಿನಲ್ಲಿ ತುರುಕಿಕೊಂಡು ಹೋಗುವುದು, ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಉಣ್ಣುವುದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಂಪು ಸೇರುವುದು, ನಮಗೆ ಪೆಟ್ಟು ಬಿದ್ದದ್ದು ಅಂಥ ಕಡೆ. ಮಗ ಮೈ ಸರಿಯಿಲ್ಲ ಎಂದರೆ ಆಟ ಹೋಯಿತೆಂದು ಮುಖ ಸಿಂಡರಿಸಬೇಡಿ. ನಿಜ ಹೇಳಿದ್ದಕ್ಕೆ ಬೆನ್ನು ತಟ್ಟಿ. ಕೋಚುಗಳೇ, ನೀವೂ ಅಷ್ಟೆ.

ನಾಳೆ ಬೆಳಿಗ್ಗೆ ಆ ಹಾಳೆ ನಿಮ್ಮ ಮನೆಯ ಮೇಜಿನ ಮೇಲೂ ಇರುತ್ತದೆ. ಮಗನ ಜೊತೆ ಕೂತು, ಒಂದೊಂದೇ ಪ್ರಶ್ನೆ ಓದಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ನಿಮಗೇನಾದರೂ ಗೊತ್ತಾದರೆ ಆಗಲೇ ಬಾಯಿಬಿಟ್ಟು ಹೇಳಿ. ನಾನು ಒಂದು ಗಂಟೆ ತಡಮಾಡಿದೆ.