ತಳ ಕೊಳೆತ ಟೊಮೆಟೊ

ಬೆಳಗ್ಗೆ ಎದ್ದವಳೇ ಜಿನಮತಿ ಹಿತ್ತಲಿಗೆ ಓಡಿದಳು. ನಿನ್ನೆ ಎಲೆಯ ಮರೆಯಲ್ಲಿ ಕೆಂಪಿಗೆ ತಿರುಗುತ್ತಿದ್ದ ಟೊಮೆಟೊವನ್ನು ಮೆಲ್ಲಗೆ ಎತ್ತಿ ತಳ ನೋಡಿದಳು. ಕಪ್ಪು! ಎಂಟಾಣೆ ಅಗಲಕ್ಕೆ ಚಪ್ಪಟೆಯಾಗಿ ಚರ್ಮದ ಹಾಗೆ ಗಟ್ಟಿಯಾದ ಕಪ್ಪು. ಮೇಲಿಂದ ಮದುವಣಗಿತ್ತಿ, ಕೆಳಗಿಂದ ಕೊಳಕಿ. ಇದು ಹನ್ನೊಂದನೆಯದು. "ಹಾಳಾಗಿ ಹೋಗು" ಎಂದು ಬೇಲಿಯಾಚೆ ಎಸೆದಳು, ಎಸೆದ ಮೇಲೆ ಅಳು ಬಂತು.

ಟೊಮೆಟೊಗೆ ಯಾರಾದರೂ ಅಳುತ್ತಾರೆಯೇ? ಆನಂದಪುರದ ಪೇಟೆಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ. ಆದರೆ ಅವಳ ಗಂಡ ಅಜಿತಕುಮಾರನಿಗೆ ಅದು ಸೇರುವುದಿಲ್ಲ. ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ನಾಲ್ಕು ಇಂಜೆಕ್ಷನ್ ಮುಗಿಯುವಷ್ಟರಲ್ಲಿ ಅವನ ನಾಲಿಗೆ ಸತ್ತೇ ಹೋಗಿತ್ತು. ಗಂಜಿ ಕೊಟ್ಟರೆ ಮಣ್ಣು ಅನ್ನುತ್ತಿದ್ದ, ಹಾಲು ಕೊಟ್ಟರೆ ತುಕ್ಕು ಅನ್ನುತ್ತಿದ್ದ. ಪೇಟೆಯ ಟೊಮೆಟೊ ಹೆಚ್ಚಿದರೆ ಸಾಕು, ಔಷಧಿ ಹೊಡೆದ ವಾಸನೆ ಎಂದು ವಾಂತಿ. ಹಿತ್ತಲಿನ ಮೊದಲ ನಾಲ್ಕು ಹಣ್ಣಿನ ತಿಳಿಸಾರು ಮಾತ್ರ ಅನ್ನಕ್ಕೆ ಕಲಸಿ ಕೊಟ್ಟಾಗ, "ಇನ್ನೊಂದು ಚೂರು ಹಾಕು" ಅಂದಿದ್ದ. ಆ ಮಾತು ಕೇಳಿ ಎಷ್ಟು ದಿನವಾಗಿತ್ತು! ಈಗ ತೂಕ ನಲವತ್ತಾರು ಕೆ.ಜಿ. ಮುಂದಿನ ತಿಂಗಳ ಕೊನೆಯೊಳಗೆ ಐವತ್ತಾಗದಿದ್ದರೆ ಉಳಿದ ಇಂಜೆಕ್ಷನ್ ಕೊಡಲು ಬರುವುದಿಲ್ಲ, ಮೈ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿ "ಸಾಕು ಬಿಡೇ" ಎನ್ನಲು ಶುರುಮಾಡಿದ್ದ.

ಊರಿಗೆ ಊರೇ ವೈದ್ಯರು. ಒಬ್ಬರು ಬೂದಿ ಅಂದರು, ಒಬ್ಬರು ಬೇವಿನ ಹಿಂಡಿ ಅಂದರು. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕದಡಿ ಹೊಯ್ದದ್ದೂ ಆಯಿತು. ಪಕ್ಕದ ಮನೆಯ ಪುಷ್ಪಮ್ಮ ಬೇಲಿಯ ಮೇಲಿಂದ ಇಣುಕಿದಳು.

"ಮೊಟ್ಟೆ ಸಿಪ್ಪೆ ಪುಡಿ ಹಾಕು ಮಾರಾಯ್ತಿ. ಮೊಬೈಲಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ. ನಮ್ಮನೇಲಿ ಬೇಕಾದಷ್ಟಿದೆ."

"ನಮ್ಮ ಹಿತ್ತಲಿಗಾ? ಎಂತ ಮಾತು ಅಂತ ಆಡ್ತೀರಿ ಪುಷ್ಪಮ್ಮ!"

ಜೈನರ ಮನೆ. ಈರುಳ್ಳಿ, ಆಲೂಗಡ್ಡೆಯೇ ಹೊಸಿಲು ದಾಟಿದ್ದಿಲ್ಲ, ಇನ್ನು ಮೊಟ್ಟೆ! ಮೂರು ದಿನ ತಡೆದಳು. ನಾಲ್ಕನೆಯ ದಿನ ಗಂಡನ ತೂಕ ನಲವತ್ತೈದೂವರೆಗೆ ಇಳಿಯಿತು. ಅಂದು ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದಾಗ ಪುಷ್ಪಮ್ಮ ಕೊಟ್ಟ ಪುಡಿಯನ್ನು ಕಳ್ಳಿಯ ಹಾಗೆ ಮಣ್ಣಲ್ಲಿ ಹೂತಳು. ಎಷ್ಟು ಸಲ ಕೈ ತೊಳೆದರೂ ವಾಸನೆ ಹೋದಂತೆ ಅನ್ನಿಸಲಿಲ್ಲ. ಅಷ್ಟು ಮಾಡಿಯೂ ಮರುವಾರ ಮತ್ತೆ ಮೂರು ಕಾಯಿ ಕಪ್ಪಾದವು. ಜಾತಿ ಕೆಟ್ಟರೂ ಸುಖಪಡಬೇಕಂತೆ, ಇವಳಿಗೆ ಅದೂ ಇಲ್ಲ.

ಭಾನುವಾರ ಪುಷ್ಪಮ್ಮನ ತಂಗಿಯ ಮಗಳು ಸ್ವಾತಿ ಬಂದಳು. ತೋಟಗಾರಿಕೆ ಓದಿ, ಹೊಸನಗರದ ಕಡೆ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ಅವಳು ಕೊಳೆತ ಕಾಯಿಯನ್ನು ಕಣ್ಣೆತ್ತಿಯೂ ನೋಡದೆ ಬುಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು.

"ಇದು ಹುಳನೂ ಅಲ್ಲ, ಅಂಟುರೋಗನೂ ಅಲ್ಲ ಆಂಟಿ. ಕಾಯಿ ತುದಿಗೆ ಸುಣ್ಣದಂಶ ಸಾಲ್ತಿಲ್ಲ. ಮಣ್ಣಲ್ಲಿ ಬೇಕಾದಷ್ಟಿದೆ, ಆದ್ರೆ ನೀರಿನ ಜೊತೇಲೇ ಅಲ್ವಾ ಅದು ಮೇಲೆ ಹತ್ತೋದು? ನೀರು ದಿನಾ ಹಾಕ್ತೀರಾ?"

"ಹಾಕದೇ ಏನು? ಅಷ್ಟಮಿ, ಚತುರ್ದಶಿ ಬಿಟ್ಟು ದಿನಾ…"

ಹೇಳುತ್ತ ಹೇಳುತ್ತ ಜಿನಮತಿಯ ದನಿ ಇಳಿಯಿತು. ಕಾಯಿಲೆ ಗೊತ್ತಾದ ದಿನವೇ ಅವಳು ಬಸದಿಯಲ್ಲಿ ನಿಂತು ವ್ರತ ಹಿಡಿದಿದ್ದಳು. ಗಂಡ ಹುಷಾರಾಗುವ ತನಕ ಪರ್ವದ ದಿನಗಳಲ್ಲಿ ಮಣ್ಣು ಕೆದಕುವುದಿಲ್ಲ, ಗಿಡಕ್ಕೆ ನೀರು ಹೊಯ್ಯುವುದಿಲ್ಲ. ನೀರು ಬಿದ್ದಲ್ಲಿ ಎಷ್ಟು ಇರುವೆ, ಎಷ್ಟು ಹುಳು ಸಾಯುತ್ತವೋ! ಬೇರೆಯವರ ಕೈಲಿ ಹಾಕಿಸುವಂತೆಯೂ ಇಲ್ಲ, ಮಾಡಿದವರಿಗೂ ಮಾಡಿಸಿದವರಿಗೂ ಪಾಪ ಒಂದೇ. ಫಾಲ್ಗುಣದ ಅಷ್ಟಾಹ್ನಿಕ ಪರ್ವ ಬಂದಾಗ ಎಂಟು ದಿನವೂ ಹನಿ ನೀರು ಹಾಕಿರಲಿಲ್ಲ. ಆ ಬಿಸಿಲಿಗೆ ಗಿಡಗಳು ಜೋತುಬಿದ್ದವು. ಒಂಬತ್ತನೆಯ ದಿನ, ಪಾಪ ಬಾಯಾರಿವೆ ಎಂದು ಕೊಡಗಟ್ಟಲೆ ಸುರಿದಿದ್ದಳು.

"ಅದೇ ನೋಡಿ ಆಗಿದ್ದು. ಒಣಗಿಸೋದು, ಆಮೇಲೆ ಮುಳುಗಿಸೋದು," ಅಂದಳು ಸ್ವಾತಿ. "ಕಪ್ಪಾಗಿದ್ದು ಇನ್ನು ಸರಿ ಆಗಲ್ಲ, ಕಿತ್ತುಬಿಡಿ. ನೆಲ್ಲಿಕಾಯಿ ಗಾತ್ರದ್ದು ಇದಾವಲ್ಲ, ಅವು ಉಳೀಬೇಕು ಅಂದ್ರೆ ದಿನಾ ಅಷ್ಟಷ್ಟೇ ನೀರು ಹಾಕಿ, ಬುಡಕ್ಕೆ ತರಗೆಲೆ ಮುಚ್ಚಿ. ಒಂದು ದಿನನೂ ತಪ್ಪಿಸಬೇಡಿ. ಮಣ್ಣು ಈಗ್ಲೇ ಒಣಗಿದೆ."

ಅವತ್ತು ಚತುರ್ದಶಿ.

ಗಂಡ ಬದುಕಲಿ ಎಂದು ಹಿಡಿದ ವ್ರತವೇ ಅವನ ಬಾಯಿಯ ತುತ್ತು ಕಸಿದಿತ್ತು. ಕಸಿದವಳು ತಾನೇ! ವ್ರತ ಮುರಿದರೆ ಅವನಿಗೆ ಏನಾದೀತೋ ಎಂಬ ಭಯ. ಮುರಿಯದಿದ್ದರೆ ಏನಾಗುತ್ತದೆ ಎಂದು ತೂಕದ ಯಂತ್ರ ವಾರವಾರವೂ ಹೇಳುತ್ತಲೇ ಇತ್ತು. ಸ್ವಾತಿ ಹೋದ ಮೇಲೆ ಬಾವಿಕಟ್ಟೆ ಹಿಡಿದು ಎಷ್ಟೋ ಹೊತ್ತು ನಿಂತಳು. ಆಮೇಲೆ ಹಲ್ಲು ಕಚ್ಚಿ ಕೊಡವನ್ನು ಬಾವಿಗೆ ಇಳಿಸಿದಳು.

ಮೊದಲ ಚೆಂಬು ಹೊಯ್ದಾಗ ಬುಡದಿಂದ ಎರಡು ಇರುವೆ ತೇಲಿ ಬಂದವು. ಅವಳು ನೋಡಿದಳು, ನೋಡಿಯೂ ಎರಡನೆಯ ಚೆಂಬು ಹೊಯ್ದಳು.

"ಇವತ್ತು ಚತುರ್ದಶಿ ಅಲ್ವೇನೆ?"

ಹಿಂಬಾಗಿಲಲ್ಲಿ ಅಜಿತಕುಮಾರ ಗೋಡೆ ಹಿಡಿದು ನಿಂತಿದ್ದ.

"ಹೌದು ರೀ! ವ್ರತ ಹಿಡಿದೋಳೂ ನಾನೇ, ಮುರಿದೋಳೂ ನಾನೇ. ನೀರು ಬಿಟ್ಟು ಬಿಟ್ಟು ಹಣ್ಣು ಕೊಳೆಸಿದ್ದೂ ನಾನೇ. ಮೊಟ್ಟೆ ಸಿಪ್ಪೆನೂ ಹಾಕಿದೀನಿ ಈ ಮಣ್ಣಿಗೆ, ಕೇಳಿಸ್ಕೊಳ್ಳಿ. ಬೈಯೋದಾದ್ರೆ ಬೈಯ್ರಿ. ಇಲ್ಲಿ ಬೆಳೆದ ಹಣ್ಣು ತಿನ್ನಲ್ಲ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ. ನಾನೂ ಊಟ ಬಿಡ್ತೀನಿ, ಇಬ್ರೂ ಒಟ್ಟಿಗೇ ಹೋಗೋಣ!"

ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಹುಷಾರಿದ್ದ ಕಾಲದಲ್ಲಿ ಚತುರ್ದಶಿಯ ದಿನ ಹಸಿರು ತರಕಾರಿಯನ್ನೂ ಮುಟ್ಟದಿದ್ದ ಮನುಷ್ಯ ಅವನು. ಮೆಟ್ಟಿಲ ಮೇಲೆ ಕುಸಿದು ಕೂತು ಉಸಿರು ಸುಧಾರಿಸಿಕೊಂಡ. ಒಂದೊಂದೇ ಗಿಡದ ಬುಡವನ್ನು ನೋಡುತ್ತ ಹೋದ.

"ಆ ಕಡೇ ಗಿಡಕ್ಕೆ ನೀರು ಬಿದ್ದಿಲ್ಲ ನೋಡೇ," ಅಂದ.