ಮುಂದೆ ಹೋದ ಶ್ರದ್ಧಾ

ಶ್ರದ್ಧಾಳಿಗೆ ಮದುವೆಯಾದ ಮೇಲೆ ಸೈಕಲ್ ಕಲಿಸಿದ್ದು ಗಂಡ ನಂದನ. ಹುಬ್ಬಳ್ಳಿಯಿಂದ ಚಿತ್ರದುರ್ಗಕ್ಕೆ ಹೊರಟ ಸೈಕಲ್ ತಂಡಕ್ಕೆ ಅವಳನ್ನು ಸೇರಿಸಿದ್ದೂ ಅವನೇ. ಆದರೆ ಆ ದಿನ ಹಾವೇರಿ ಬಿಟ್ಟಾಗಿನಿಂದ ಸುರಿಯುತ್ತಿದ್ದ ಮಳೆಯಲ್ಲಿ ಅವಳು ತಂಡದ ನಾಯಕ ಕೌಸ್ತುಭನ ಜೊತೆ ಎಲ್ಲರಿಗಿಂತ ಮುಂದಿದ್ದಳು. ನಂದನ ಏದುಸಿರು ಬಿಡುತ್ತಾ ಬ್ಯಾಡಗಿಯಲ್ಲೇ ಹಿಂದೆ ಬಿದ್ದಿದ್ದ.

ಕದರಮಂಡಲಗಿಯ ಚಹಾದಂಗಡಿಯಲ್ಲಿ ಅವರಿಬ್ಬರೂ ಕಣ್ಣಿಗೆ ಬಿದ್ದರು. ಕೌಸ್ತುಭ ಏನೋ ಹೇಳಿದ. ಶ್ರದ್ಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೋ ಎನ್ನಿಸಿತು ನಂದನನಿಗೆ.

"ರೀ, ಬರ್ರಿ, ಬಿಸಿ ಮಿರ್ಚಿ ಅದಾವ!" ಎಂದು ಅವಳು ಕೂಗಿದಳು.

ಅವನು ಕೇಳಿಸದವನಂತೆ ಮುಂದೆ ಹೋದ. ಸಿಟ್ಟಿನಲ್ಲಿ ಜೋರಾಗಿ ತುಳಿದು, ರಾಣೆಬೆನ್ನೂರಿನ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕುಸಿದ.

ಸ್ವಲ್ಪ ಹೊತ್ತಿಗೆ ಶ್ರದ್ಧಾ ಒಬ್ಬಳೇ ಬಂದು ಅವನ ಕಾಲು ನೀವಿದಳು.

"ಯಾಕ ನಿಲ್ಲಲಿಲ್ರಿ?"

"ಅವನ ಕೂಡ ಭಾಳ ನಗಾಕತ್ತಿದ್ದಿ."

"ನಗು ಬಂತು, ನಕ್ಕೆ. ಮುಂದ ಹೋಗೂದೂ ನನಗ ಸೇರತದ. ನಿಮ್ಮ ಸಲುವಾಗಿ ಹಿಂದ ಉಳೀಬೇಕೇನು?"

ಹೌದು ಎನ್ನುವ ಮಾತು ನಂದನನ ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ. ನೀ ನಡಿ, ನಾ ಬರ್ತೇನಿ" ಎಂದ.

ಅವಳು ನಿಜಕ್ಕೂ ಹೊರಟೇಬಿಟ್ಟಳು. ಹಿಂದೆಯೇ ಬಂದ ಕೌಸ್ತುಭ ಕೈಬೀಸಿ ಅವಳನ್ನು ಕೂಡಿಕೊಂಡ. ನಂದನನ ಹೊಟ್ಟೆಯುರಿ ಒಂದಿಷ್ಟೂ ತಣ್ಣಗಾಗಿರಲಿಲ್ಲ. ಆದರೂ ಎದ್ದು, ಕುಂಟುತ್ತಲೇ ಸೈಕಲ್ ಹತ್ತಿದ.